ತೊಳೆಯುವ ತೊಟ್ಟಿ, ಕಾರ್ಬನ್ ಬ್ರಷ್, ಒಳಚೀಲ: ಹಲವು ವರ್ಷ ಬಳಸಿದ ಮೇಲೆ ಎಲ್‌ಪಿ ಸಲಕರಣೆಗಳ ವಿಮರ್ಶೆ

ವಿಲಂಬಿತ ಖಯಾಲಿನ, ಅಂದರೆ ನಿಧಾನಗತಿಯ ಹಿಂದುಸ್ತಾನಿ ಗಾಯನದ, ಎಲ್‌ಪಿಯಲ್ಲಿ (ಲಾಂಗ್ ಪ್ಲೇ ಗ್ರಾಮಫೋನ್ ರೆಕಾರ್ಡಿನಲ್ಲಿ) ಧೂಳು ಅಡಗಿ ಕೂರಲಾರದು. ಚಿತ್ರಗೀತೆಯ ರೆಕಾರ್ಡಿನಲ್ಲಿ ಮೊದಲ ಕ್ಷಣದಿಂದಲೇ ವಾದ್ಯಮೇಳ ತುಂಬಿಕೊಳ್ಳುವುದರಿಂದ ಸಣ್ಣಪುಟ್ಟ ಚಟಪಟ ಸದ್ದು ಅದರಲ್ಲಿ ಮುಳುಗಿಹೋಗುತ್ತದೆ. ಮಲ್ಲಿಕಾರ್ಜುನ ಮನಸೂರರ ಅಥವಾ ಗಂಗೂಬಾಯಿ ಹಾನಗಲ್ಲರ ರೆಕಾರ್ಡ್ ಹಾಕಿದರೆ, ತಂಬೂರಿಯ ನಾದವಷ್ಟೇ ಇರುವ ಆರಂಭದಲ್ಲಿ ಒಂದೊಂದು ಕಣವೂ ಕಿವಿಗೆ ಬೀಳುತ್ತದೆ. ಧಾರವಾಡದಲ್ಲಿದ್ದುಕೊಂಡು ಹೆಚ್ಚಾಗಿ ಇಂಥವನ್ನೇ ಕೇಳುವ ನಾನು, ಕಾರ್ಬನ್ ಎಳೆಗಳ ಬ್ರಷ್, ಕೈಯಿಂದ ತಿರುಗಿಸಿ ತೊಳೆಯುವ ತೊಟ್ಟಿ ಮತ್ತು ಕವರಿನೊಳಗೆ ರೆಕಾರ್ಡನ್ನು ಹಾಕಿಡುವ, ಸ್ಥಿರ ವಿದ್ಯುತ್ ತಡೆಯುವ ಒಳಚೀಲ, ಈ ಮೂರನ್ನೂ ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಒಂದೇ ಬಗೆಯ ಸಾಮಾನು ನಾಲ್ಕಾರು ಹೆಸರುಗಳಲ್ಲಿ ಮಾರಾಟವಾಗುವುದರಿಂದ ನನ್ನಲ್ಲಿರುವವು ಯಾವ ಕಂಪನಿಯವು ಎಂಬುದನ್ನು ಬರೆಯುತ್ತಿಲ್ಲ. ತೀರ್ಮಾನವನ್ನು ಮೊದಲೇ ಹೇಳಿಬಿಡುವುದಾದರೆ, ಇವುಗಳಲ್ಲಿ ಅತ್ಯಂತ ಅಗ್ಗವಾದ ಒಳಚೀಲವೇ ಅತ್ಯಂತ ಹೆಚ್ಚು ಕೆಲಸಕ್ಕೆ ಬಂದಿದೆ. ಆದರೆ ಹೆಚ್ಚಿನವರು ಅದನ್ನು ಕೊನೆಗೆ ಕೊಳ್ಳುತ್ತಾರೆ, ಇಲ್ಲವೇ ಕೊಳ್ಳುವುದೇ ಇಲ್ಲ.

ಹಣ ಖರ್ಚು ಮಾಡುವ ಮುನ್ನ ಸದ್ದು ಯಾವುದರಿಂದ ಬರುತ್ತಿದೆ ಎಂಬುದನ್ನು ಗುರುತಿಸಿಕೊಳ್ಳಬೇಕು. ಎಲ್‌ಪಿ ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ಟಕ್ ಎಂಬ ಸದ್ದು ಸರಿಯಾಗಿ ಈ ಅಂತರದಲ್ಲಿ ಮರಳಿ ಮರಳಿ ಬಂದರೆ ಅದು ಗೀಚು. ಯಾವ ಬ್ರಷ್ಷೂ ದ್ರಾವಣವೂ ಅದನ್ನು ಅಳಿಸಲಾರದು. ತಾಳವಿಲ್ಲದೆ ಅಲ್ಲೊಂದು ಇಲ್ಲೊಂದು ಸಿಡಿಯುವುದು ಧೂಳು ಅಥವಾ ಸ್ಥಿರ ವಿದ್ಯುತ್ತು. ಎಡೆಬಿಡದೆ ಸುಯ್ಯೆನ್ನುವ ಸದ್ದಿಗೆ ಕಾರಣ ಬೇರೆ, ಅದನ್ನು ಒಳಚೀಲದ ಭಾಗದಲ್ಲಿ ಹೇಳುತ್ತೇನೆ.

ರೆಕಾರ್ಡಿನ ಮೂಲವಸ್ತುವಾದ ಪಿವಿಸಿ ಉತ್ತಮ ವಿದ್ಯುತ್ ನಿರೋಧಕ. ಉಜ್ಜಿದರೆ ಸುಲಭವಾಗಿ ಋಣ ಆವೇಶ ಪಡೆದು, ಅದನ್ನು ಬಿಟ್ಟುಕೊಡದೆ ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ. ಕಾಗದದ ಚೀಲದಿಂದ ಸರ್ರನೆ ಎಳೆದು ತೆಗೆಯುವುದಷ್ಟೇ ಸಾಕು, ಸುತ್ತಲಿನ ಧೂಳು ಬಂದು ಅಂಟುತ್ತದೆ. ಕಾರ್ಬನ್ ಬ್ರಷ್ಷಿನ ಎಳೆಗಳು ವಿದ್ಯುತ್ ವಾಹಕಗಳು. ಆವೇಶವು ಎಳೆಗಳಿಂದ ಲೋಹದ ಹಿಡಿಗೆ, ಹಿಡಿಯಿಂದ ನಮ್ಮ ಬೆರಳಿಗೆ ಹರಿದುಹೋಗಬೇಕು ಎಂಬುದು ಅದರ ತತ್ತ್ವ. ಅಗ್ಗದ ಬ್ರಷ್‌ಗಳಲ್ಲಿ ಈ ದಾರಿಯೇ ತುಂಡಾಗಿರುತ್ತದೆ. ಹಿಡಿ ಲೋಹದಂತೆ ಹೊಳೆದರೂ ಬಣ್ಣ ಬಳಿದ ಪ್ಲಾಸ್ಟಿಕ್ ಆಗಿರುತ್ತದೆ. ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಒಂದು ತುದಿಯನ್ನು ಎಳೆಗಳಿಗೂ ಇನ್ನೊಂದನ್ನು ನೀವು ಹಿಡಿಯುವ ಜಾಗಕ್ಕೂ ತಾಗಿಸಿ ನೋಡಿ. ಮುಳ್ಳು ಅಲುಗದಿದ್ದರೆ ಅದು ಧೂಳು ಗುಡಿಸುವ ಬ್ರಷ್ ಮಾತ್ರ. ನಾನು ಮೊದಲು ಕೊಂಡದ್ದು ಈ ಪರೀಕ್ಷೆಯಲ್ಲಿ ಸೋತಿತು, ಈಗಿನದು ಗೆದ್ದಿದೆ. ಗೆದ್ದ ಬ್ರಷ್ಷನ್ನೂ ಒತ್ತಿ ಹಿಡಿಯಬಾರದು. ತಿರುಗುತ್ತಿರುವ ರೆಕಾರ್ಡಿನ ಮೇಲೆ ಎಳೆಗಳ ತುದಿ ತಾಗುವಷ್ಟು ಇಟ್ಟು, ಒಂದೆರಡು ಸುತ್ತಿನ ನಂತರ ನಿಧಾನವಾಗಿ ಅಂಚಿನತ್ತ ಸರಿಸಿ ಎತ್ತಬೇಕು. ಮೇಲ್ಮೈಯ ಧೂಳಿಗೆ ಇಷ್ಟು ಸಾಕು. ಗ್ರೂವ್‌ನ (ಸೂಜಿ ಓಡುವ ಸಣ್ಣ ಗಾಡಿಯ) ತಳದಲ್ಲಿ ಗಟ್ಟಿಯಾಗಿ ಕೂತ ಜಿಡ್ಡಿಗೆ ಇದರಿಂದ ಏನೂ ಆಗದು. ಟರ್ನ್‌ಟೇಬಲ್ ಮೇಲೆ ಫೆಲ್ಟ್ ಹಾಸು ಇದ್ದು, ರೆಕಾರ್ಡ್ ಎತ್ತುವಾಗ ಅದೂ ಅಂಟಿಕೊಂಡು ಮೇಲೆ ಬರುತ್ತಿದ್ದರೆ ಬ್ರಷ್‌ಗಿಂತ ಮೊದಲು ಹಾಸನ್ನು ಬದಲಿಸಿ. ಕಾರ್ಕಿನದು ಹಾಕಿದ ಮೇಲೆ ನನಗೆ ಆ ತೊಂದರೆ ಬಂದಿಲ್ಲ.

ಆವೇಶ ಕಳೆಯುವ ಪಿಸ್ತೂಲುಗಳ ಬಗ್ಗೆಯೂ ಒಂದು ಮಾತು. ಝೀರೋಸ್ಟ್ಯಾಟ್ ಇವುಗಳಲ್ಲಿ ಹೆಸರಾದದ್ದು. ಬ್ಯಾಟರಿ ಬೇಡ, ಒಳಗಿನ ಪೀಝೋ ಹರಳನ್ನು (ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳು) ಪಿಸ್ತೂಲಿನ ಕುದುರೆ ಅದುಮಿದಾಗ ಧನ ಅಯಾನುಗಳೂ ಸಡಿಲಿಸಿದಾಗ ಋಣ ಅಯಾನುಗಳೂ ಹೊರಬರುತ್ತವೆ. ಸುಮಾರು 30 ಸೆಂ.ಮೀ. ದೂರದಿಂದ ತೀರಾ ನಿಧಾನವಾಗಿ ಒತ್ತಿ ತೀರಾ ನಿಧಾನವಾಗಿ ಬಿಡಬೇಕು, ಚಟ್ ಎಂದು ಸದ್ದಾದರೆ ಅವಸರ ಮಾಡಿದಿರಿ ಎಂದರ್ಥ. ಗೆಳೆಯರೊಬ್ಬರದನ್ನು ತಂದು ಬಳಸಿ ನೋಡಿದ್ದೇನೆ. ಫೆಬ್ರುವರಿ, ಮಾರ್ಚ್ ತಿಂಗಳ ಒಣಹವೆಯಲ್ಲಿ ಅದರ ಪರಿಣಾಮ ಸ್ಪಷ್ಟವಾಗಿ ತಿಳಿಯುತ್ತದೆ. ಜೂನ್ ನಂತರ ಗಾಳಿಯ ತೇವವೇ ಆ ಕೆಲಸ ಮಾಡಿಬಿಡುವುದರಿಂದ, ನಮ್ಮ ಊರಿಗೆ ಅದಕ್ಕಾಗಿ ಅಷ್ಟು ಹಣ ಸುರಿಯುವ ಅಗತ್ಯ ನನಗೆ ಕಾಣಲಿಲ್ಲ.

ಇನ್ನು ತೊಟ್ಟಿ. ಅಮೆರಿಕದ ಸ್ಪಿನ್ ಕ್ಲೀನ್, ಜರ್ಮನಿಯ ಕ್ನೋಸ್ಟಿ ಮುಂತಾದವು ಪ್ರಚಾರಕ್ಕೆ ತಂದ ಮಾದರಿ ಇದು: ಕಿರಿದಾದ ತೊಟ್ಟಿಯಲ್ಲಿ ಎರಡು ಸಾಲು ಬ್ರಷ್, ಅವುಗಳ ನಡುವೆ ರೆಕಾರ್ಡನ್ನು ಲಂಬವಾಗಿ ಇಳಿಸಿ, ಲೇಬಲ್ ನೀರಿನಿಂದ ಮೇಲಿರುವಂತೆ ಕೈಯಿಂದ ತಿರುಗಿಸುವುದು. ಹಳೆಯ ಪುಸ್ತಕದಂಗಡಿಗಳಲ್ಲಿ, ಗುಜರಿಯಲ್ಲಿ ಸಿಕ್ಕ ರೆಕಾರ್ಡುಗಳಿಗೆ ಇದರಷ್ಟು ಪ್ರಯೋಜನಕಾರಿ ಉಪಕರಣ ಈ ಬೆಲೆಯಲ್ಲಿ ಇನ್ನೊಂದಿಲ್ಲ. ನೀರು ಆವೇಶವನ್ನೂ ಹರಿಸಿಬಿಡುವುದರಿಂದ ತೊಳೆದ ರೆಕಾರ್ಡಿನಲ್ಲಿ ಸ್ಥಿರ ವಿದ್ಯುತ್ ಉಳಿಯುವುದಿಲ್ಲ. ಆದರೆ ಬಟ್ಟೆಯಿಂದ ತಿಕ್ಕಿ ಒರೆಸಿದರೆ ಅದು ಮತ್ತೆ ಹುಟ್ಟುತ್ತದೆ. ಆದ್ದರಿಂದ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಫ್ಯಾನ್ ಹಾಕದೆ, ತಾನಾಗಿ ಆರಲು ಬಿಡುತ್ತೇನೆ. ನಲ್ಲಿಯ ನೀರು ಸಲ್ಲದು, ಕೊಳವೆಬಾವಿಯ ಗಡಸು ನೀರಂತೂ ಬೇಡವೇ ಬೇಡ. ನೀರು ಆರಿದ ಮೇಲೆ ಅದರ ಲವಣ ಗ್ರೂವ್‌ನಲ್ಲಿ ಉಳಿದು ತಾನೇ ಸದ್ದು ಮಾಡತೊಡಗುತ್ತದೆ. ನಾನು ಡಿಸ್ಟಿಲ್ಡ್ ವಾಟರ್ ತಂದು, ಅದಕ್ಕೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲನ್ನೂ, ಫಿಲ್ಮ್ ತೊಳೆಯಲು ಬಳಸುವ, ನೀರು ಸಮನಾಗಿ ಹರಡುವಂತೆ ಮಾಡುವ ವೆಟಿಂಗ್ ಏಜೆಂಟಿನ ಕೆಲವೇ ಹನಿಗಳನ್ನೂ ಸೇರಿಸುತ್ತೇನೆ.

ತೊಟ್ಟಿಯ ಜೊತೆ ಬರುವ ಕೈಪಿಡಿಯ ಎರಡು ಮಾತುಗಳನ್ನು ನಾನು ಒಪ್ಪುವುದಿಲ್ಲ. ಬಳಸಿದ ದ್ರಾವಣವನ್ನು ಸೋಸಿ ಮತ್ತೆ ಬಳಸಬಹುದು ಎನ್ನುತ್ತದೆ. ಆದರೆ ಗ್ರೂವ್‌ನಿಂದ ಹೊರಬರುವ ಕೊಳೆ ಸೋಸುವ ಕಾಗದವನ್ನು ದಾಟುವಷ್ಟು ಸೂಕ್ಷ್ಮವಾಗಿರುತ್ತದೆ, ಬೂದು ಬಣ್ಣಕ್ಕೆ ತಿರುಗಿದ ನೀರು ಸೋಸಿದ ಮೇಲೂ ಬೂದಾಗಿಯೇ ಇರುತ್ತದೆ. ಒಮ್ಮೆ ತೊಳೆದರೆ ಸಾಕು ಎಂಬುದು ಎರಡನೆಯದು. ಒಂದೇ ಸಲ ತೊಳೆದು ಆರಿಸಿದರೆ ಕರಗಿದ ಕೊಳೆಯೂ ದ್ರಾವಣದ ಶೇಷವೂ ಗ್ರೂವ್‌ನಲ್ಲೇ ಒಣಗಿ, ಮೊದಲ ಸಲ ಹಾಕಿದಾಗ ಸೂಜಿಯ ತುದಿಗೆ ಬಿಳಿಯ ಹಿಟ್ಟಿನಂಥದ್ದು ಕಟ್ಟಿಕೊಳ್ಳುತ್ತದೆ. ಬರಿಯ ಡಿಸ್ಟಿಲ್ಡ್ ನೀರು ತುಂಬಿದ ಇನ್ನೊಂದು ತೊಟ್ಟಿಯಲ್ಲಿ ಜಾಲಿಸಿ ತೆಗೆಯುವುದು ಕಡ್ಡಾಯವೆಂದೇ ನನ್ನ ಅಭಿಪ್ರಾಯ. ಲೇಬಲ್ಲನ್ನು ಮುಚ್ಚುವ ಬಿಲ್ಲೆಯ ರಬ್ಬರ್ ಉಂಗುರ ಕೆಲವು ವರ್ಷಗಳಲ್ಲಿ ಗಡುಸಾಗಿ, ಅಂಚಿನಿಂದ ನೀರು ಒಳಗೆ ಜಿನುಗತೊಡಗಿತು. ಲೇಬಲ್ಲನ್ನು ಅಂಟು ಹಾಕಿ ಹಚ್ಚಿರುವುದಿಲ್ಲ. ರೆಕಾರ್ಡ್ ಒತ್ತುವಾಗಲೇ ಶಾಖ ಮತ್ತು ಒತ್ತಡದಿಂದ ಅದು ಕೂತಿರುತ್ತದೆ. ಹಾಗಾಗಿ ಒದ್ದೆಯಾದರೂ ಕಿತ್ತುಬರಲಿಲ್ಲ, ಆದರೆ ಶಾಯಿ ಹರಡಿ ಕಲೆಯಾಯಿತು. ಬಿಡಿಭಾಗ ಬೇಕೆಂದು ಬರೆದ ಪತ್ರಕ್ಕೆ ತಯಾರಕರಿಂದ ಉತ್ತರ ಬರಲಿಲ್ಲ. ಕೊನೆಗೆ ನಲ್ಲಿ ರಿಪೇರಿಯ ಅಂಗಡಿಯಲ್ಲಿ ಸಿಕ್ಕ ವಾಷರ್ ಸರಿಹೊಂದಿತು.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳಿರುವವರು ಇಲ್ಲಿ ಎಚ್ಚರ ವಹಿಸಬೇಕು. ಎಲ್‌ಪಿ ಬಂದದ್ದು 1948ರಲ್ಲಿ. ಅದಕ್ಕಿಂತ ಹಿಂದಿನವು, ಮತ್ತು ನಮ್ಮ ದೇಶದಲ್ಲಿ ಅದರ ನಂತರವೂ ಬಹಳ ಕಾಲ ಬಂದ ಮೂರು ನಿಮಿಷದ ತಟ್ಟೆಗಳು ಅರಗಿನವು. ಆಲ್ಕೊಹಾಲ್ ಅರಗನ್ನು ಕರಗಿಸುತ್ತದೆ. ಮೇಲೆ ಹೇಳಿದ ಮಿಶ್ರಣ ಅವುಗಳಿಗೆ ತಾಗಲೇಬಾರದು.

ತೊಳೆದ ರೆಕಾರ್ಡನ್ನು ಹಳೆಯ ಚೀಲಕ್ಕೇ ತಿರುಗಿ ಹಾಕುವುದೆಂದರೆ ಸ್ನಾನ ಮಾಡಿ ಮಾಸಿದ ಬಟ್ಟೆ ಉಟ್ಟಂತೆ. ಕಾಗದದ ಚೀಲ ಒಳಹೊರಗೆ ಮಾಡಿದಾಗಲೆಲ್ಲ ನಾರು ಉದುರಿಸುತ್ತದೆ, ಆವೇಶವನ್ನೂ ಕೊಡುತ್ತದೆ. ಮೆತ್ತನೆಯ ಪಿವಿಸಿ ಚೀಲ ಇನ್ನೂ ಅಪಾಯಕಾರಿ: ಅದನ್ನು ಮೃದುಗೊಳಿಸಲು ಬೆರೆಸಿದ ರಾಸಾಯನಿಕ ಕಾಲಕ್ರಮೇಣ ರೆಕಾರ್ಡಿನ ಮೇಲ್ಮೈಗೆ ಇಳಿದು ಮಂಜು ಕವಿದಂಥ ಪದರ ಮೂಡಿಸುತ್ತದೆ. ಸುಯ್ಯೆನ್ನುವ ಸದ್ದಿಗೆ ಇದು ಕಾರಣವಾಗಿದ್ದರೆ ಎಷ್ಟು ತೊಳೆದರೂ ಹೋಗದು. ಬೆಳಕಿಗೆ ಓರೆಯಾಗಿ ಹಿಡಿದರೆ ಚೀಲದ ಸುಕ್ಕುಗಳ ಅಚ್ಚೇ ರೆಕಾರ್ಡಿನ ಮೇಲೆ ಕಾಣುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಗೀಚಿಗಿಂತ ಮೊದಲು ನಾನು ನೋಡುವುದು ಇದನ್ನೇ. ನಾನು ಬಳಸುವುದು ಹೈ ಡೆನ್ಸಿಟಿ ಪಾಲಿಥೀನ್ ಚೀಲಗಳನ್ನು. ತೆಳುವಾದ, ತಳ ದುಂಡಗಿರುವ ಜಪಾನಿ ಮಾದರಿಯದೂ ಇದೆ, ನಡುವೆ ಕಾಗದವಿಟ್ಟು ಬಿರುಸು ಮಾಡಿದ ಮೂರು ಪದರದ್ದೂ ಇದೆ. ತೆಳುವಾದದ್ದು ಕವರಿನೊಳಗೆ ತೂರಿಸುವಾಗ ಮುದುಡಿಕೊಳ್ಳುತ್ತದೆ; ದುಡ್ಡು ಸ್ವಲ್ಪ ಹೆಚ್ಚಾದರೂ ಮೂರು ಪದರದ್ದೇ ವಾಸಿ. ಚೀಲದ ಬಾಯಿ ಕವರಿನ ಬಾಯಿಯ ಕಡೆಗೆ ಬಾರದೆ ಮೇಲ್ಮುಖವಾಗಿರುವಂತೆ ತಿರುಗಿಸಿಟ್ಟರೆ ಧೂಳು ನೇರವಾಗಿ ಒಳಹೋಗುವುದಿಲ್ಲ. ಹೀಗೆ ತೊಳೆದು, ಚೀಲ ಬದಲಿಸಿ ಇಟ್ಟ ಎಲ್‌ಪಿಗಳನ್ನು ಮತ್ತೊಮ್ಮೆ ತೊಟ್ಟಿಗೆ ಇಳಿಸುವ ಪ್ರಮೇಯ ಬಹುಮಟ್ಟಿಗೆ ಬಂದಿಲ್ಲ. ಚೀಲ ಬದಲಿಸದೆ ಉಳಿಸಿದವುಗಳನ್ನು ಪುನಃ ತೊಳೆಯಬೇಕಾಯಿತು.

ಜೋಡಿಸಿಡುವುದಕ್ಕೆ ಒಂದೇ ನಿಯಮ: ನೇರವಾಗಿ ನಿಲ್ಲಿಸಿ, ವಾಲಲು ಬಿಡಬೇಡಿ, ಬೆರಳು ತೂರದಷ್ಟು ಒತ್ತಾಗಿಯೂ ತುಂಬಬೇಡಿ. ಕವರ್ ಸಮೇತ ನೂರು ಎಲ್‌ಪಿ 20 ಕೆ.ಜಿ.ಯನ್ನು ಮೀರುತ್ತವೆ; ಪುಸ್ತಕದ ತೆಳು ಹಲಗೆ ಈ ಭಾರಕ್ಕೆ ಬಾಗುತ್ತದೆ. ನಮ್ಮ ಕಡೆ ಮಳೆಗಾಲವೇ ದೊಡ್ಡ ಪರೀಕ್ಷೆ. ಬೇಸಿಗೆಯಲ್ಲಿ ಧೂಳಿನಿಂದ ಕಾಪಾಡುವ ಉಕ್ಕಿನ ಬೀರು ಶ್ರಾವಣದಲ್ಲಿ ತೇವವನ್ನು ಒಳಗೇ ಹಿಡಿದಿಟ್ಟು ಕವರುಗಳಿಗೆ ಬೂಷ್ಟು ತರಿಸುತ್ತದೆ. ನುಸಿಗುಳಿಗೆ ಇಡುವ ಅಭ್ಯಾಸ ಕೆಲವರಿಗಿದೆ. ಸೀರೆಗಳಿಗೆ ಸರಿ, ಪ್ಲಾಸ್ಟಿಕ್ಕಿಗೆ ಅದರ ಆವಿ ಒಳ್ಳೆಯದಲ್ಲ. ನಾನು ಹೊರಗೋಡೆಗೆ ತಾಗದ, ಹಿಂಬದಿ ತೆರೆದಿರುವ ಮರದ ಕಪಾಟಿನಲ್ಲಿಟ್ಟು, ತೇವಾಂಶ ಮಾಪಕವನ್ನು ಪಕ್ಕದಲ್ಲಿರಿಸಿದ್ದೇನೆ. ಮುಳ್ಳು ಶೇ. 40ರಿಂದ 50ರ ನಡುವೆ ಇದ್ದರೆ ಯಾವುದಕ್ಕೂ ಕೈ ಹಾಕುವುದಿಲ್ಲ. ಅದು ಏರಿ ನಿಂತ ವಾರಗಳಲ್ಲಿ ಗೂಡುಗಳಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ನೀಲಿ ಹರಳು ಗುಲಾಬಿಗೆ ತಿರುಗಿದಾಗ ಹೊರತೆಗೆದು, ಬಿಸಿ ಮಾಡಿ ನೀಲಿ ಬಂದ ಮೇಲೆ ಮತ್ತೆ ಇಡುತ್ತೇನೆ.