ಸರ್ವಿಸ್ ಸೆಂಟರ್‌ನಲ್ಲಿ ಮಾತ್ರ ಸರಿಯಾಗಿರುವ ಟೋಸ್ಟರ್

ಎರಡು ಸ್ಲೈಸಿನ ಪಾಪ್-ಅಪ್ ಟೋಸ್ಟರ್, ತಗೊಂಡು ಹತ್ತು ತಿಂಗಳಾಯಿತು. ಕಂಪನಿ ಹೆಸರು ಬೇಡ ಬಿಡಿ. ಮೂರನೇ ನಂಬರಿಗೆ ಇಟ್ಟರೆ ನಮ್ಮ ಬೀದಿಯ ಅಯ್ಯಂಗಾರ್ ಬೇಕರಿ ಬ್ರೆಡ್ಡು ಹದವಾಗಿ ಕೆಂಪಗಾಗುತ್ತದೆ. ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಇರುವುದು ಲಿವರ್‌ನಲ್ಲಿ. ಒತ್ತಿದರೆ ಕೆಳಗೆ ನಿಲ್ಲುವುದಿಲ್ಲ, ಟಕ್ ಅಂತ ಮೇಲೆ ಹಾರುತ್ತದೆ. ಅದೂ ದಿನಾ ಅಲ್ಲ, ನೆಂಟರು ಬಂದ ದಿನ.

‘ಇದು ಯಾವಾಗಲೂ ಹಿಂಗೇ’ ಅಂತ ನನ್ನಾಕೆ ಅಂದಳು. ನಾನು ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು, ‘ಯಾವಾಗಲೂ’ ಅಂದರೆ ಸುಮ್ನೆ ಒಪ್ಪುವುದಿಲ್ಲ. ಕೈಕೊಟ್ಟ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕೋಣ ಅಂತ ಶುರು ಮಾಡಿದೆ. ಹನ್ನೊಂದು ದಿನ ಒಂದು ಗುರುತೂ ಬೀಳಲಿಲ್ಲ. ಹನ್ನೆರಡನೇ ದಿನ ಪೆನ್ನು ಸಿಗಲಿಲ್ಲ. ಅವತ್ತು ಏಳು ಸಲ ಒತ್ತಿದ ಮೇಲೆ ನಿಂತಿತು.

ಕೆಡಬಹುದಾದದ್ದು ಕೆಟ್ಟೇ ಕೆಡುತ್ತದೆ ಅನ್ನುವುದು ಮರ್ಫಿ ನಿಯಮ. ಪರೀಕ್ಷೆ ಮಾಡಲು ಕೂತಾಗ ಟೋಸ್ಟರ್ ಸರಿಯಾಗಿ ನಡೆದರೆ ಕೆಟ್ಟಿದ್ದು ನನ್ನ ಪರೀಕ್ಷೆ, ಹಾಗಾಗಿ ಮರ್ಫಿ ಪಾಸು. ಟೋಸ್ಟರ್ ಕೆಟ್ಟರೂ ಮರ್ಫಿಯೇ ಪಾಸು. ಫೇಲ್ ಮಾಡುವ ದಾರಿಯೇ ಇಲ್ಲ! ಟೋಸ್ಟು ಬೆಣ್ಣೆ ಮೇಲಾಗಿ ಬೀಳುತ್ತೋ ಕೆಳಗಾಗಿಯೋ ಅನ್ನುವುದಕ್ಕೆ ಮಾತ್ರ ಉತ್ತರ ಇದೆ. ಟೇಬಲ್ಲಿನ ಎತ್ತರಕ್ಕೆ ಅರ್ಧ ಸುತ್ತು ತಿರುಗಿ ಬೆಣ್ಣೆ ಕೆಳಗಾಗುವಷ್ಟೇ ಸಮಯ ಸಿಗುತ್ತದೆ ಅಂತ 1995ರಲ್ಲಿ ಬ್ರಿಟನ್ನಿನ ರಾಬರ್ಟ್ ಮ್ಯಾಥ್ಯೂಸ್ ಲೆಕ್ಕ ಹಾಕಿ ತೋರಿಸಿದರು. ಮರುವರ್ಷ ಅದಕ್ಕೆ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು. ನಾವೂ ಬೀಳಿಸಿ ನೋಡೋಣ ಅಂದೆ. ‘ರೀ, ಬೆಣ್ಣೆ ರೇಟು ಗೊತ್ತೇನ್ರೀ?’ ಅಂದಳು. ಅಲ್ಲಿಗೆ ಮುಗಿಯಿತು.

ಸರ್ವಿಸ್ ಸೆಂಟರಿಗೆ ಮೂರು ಸಲ ಹೋದೆ. ಅಲ್ಲಿನ ಹುಡುಗ ಒತ್ತುತ್ತಾನೆ, ಲಿವರ್ ಮರ್ಯಾದಸ್ಥನ ಹಾಗೆ ನಿಲ್ಲುತ್ತದೆ. ‘ಸಾರ್, ಮನೇಲಿ ಪ್ಲಗ್ ಹಾಕಿ ಸ್ವಿಚ್ ಆನ್ ಮಾಡಿದ್ರಾ? ಕರೆಂಟ್ ಇಲ್ದಿದ್ರೆ ಇದು ನಿಲ್ಲಲ್ಲ’ ಅಂದ. ನನಗೆ ಪಾಠ! ಆದರೂ ಹುಡುಗ ಒಳ್ಳೆಯವನು. ಮೂರನೇ ಸಲ ಬಿಚ್ಚಿ ತೋರಿಸಿದ. ಲಿವರನ್ನು ಹಿಡಿದಿಡುವುದು ಒಂದು ಸಣ್ಣ ವಿದ್ಯುತ್ಕಾಂತ. ಅದಕ್ಕೂ ಲಿವರಿನ ತಗಡಿಗೂ ನಡುವೆ ಬ್ರೆಡ್ ಪುಡಿ ಸೇರಿದರೆ ಹಿಡಿತ ಸಿಗುವುದಿಲ್ಲ.

‘ಹೆಂಗೆ ತಂದ್ರಿ ಸಾರ್?’

‘ಸ್ಕೂಟರಲ್ಲಿ, ಕಾಲ ಹತ್ರ ಇಟ್ಕೊಂಡು.’

ನಕ್ಕುಬಿಟ್ಟ. ನಮ್ಮ ರಸ್ತೆಯ ಹಳ್ಳಗಳು ದಾರಿಯಲ್ಲೇ ರಿಪೇರಿ ಮಾಡಿ ಕಳಿಸುತ್ತಿದ್ದವು.

ಈಗ ವಾರಕ್ಕೊಮ್ಮೆ ಪ್ಲಗ್ ತೆಗೆದು, ತಣ್ಣಗಾದ ಮೇಲೆ, ತಲೆಕೆಳಗು ಮಾಡಿ ಕುಟ್ಟುತ್ತೇನೆ. ಕೆಳಗಿನ ಟ್ರೇ ಎಳೆದು ಒರೆಸುತ್ತೇನೆ. ಇದನ್ನು ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಹಾಕಬಾರದಿತ್ತಾ? ಅದಕ್ಕೇ ಐದಕ್ಕೆ ಮೂರು ಸ್ಟಾರ್.

ಲಿವರ್ ಹಾರುವ ವಿಡಿಯೋನೂ ಇದರ ಜೊತೆ ಹಾಕೋಣ ಅಂತ ಹದಿನೈದು ದಿನ ಪುಡಿ ಕೊಡವದೆ ಬಿಟ್ಟು, ಇವತ್ತು ಬೆಳಗ್ಗೆ ಫೋನ್ ಹಿಡಿದು ನಾಲ್ಕು ಸಲ ಒತ್ತಿದೆ. ನಾಲ್ಕೂ ಸಲ ನಿಂತಿತು. ಎಂಟು ಸ್ಲೈಸ್ ಟೋಸ್ಟ್ ಆಗಿದೆ, ಮನೆಯಲ್ಲಿರುವುದು ನಾವಿಬ್ಬರೇ.