ಸುಳಿಯೋ ಹನಿಯೋ: ಸ್ಪಿನ್ ಆಸಿಲೇಟರ್‌ಗೆ ಯಾವುದು?

ಸ್ಪಿನ್ ಆಸಿಲೇಟರ್ ಅಂದರೆ ಕರೆಂಟ್ ಹರಿಸಿ ಕಾಂತತ್ವವನ್ನು ತಿರುಗಿಸಿ, ಅದರಿಂದ ಮೈಕ್ರೋವೇವ್ ಸಿಗ್ನಲ್ ಪಡೆಯುವ ಪುಟ್ಟ ಸಾಧನ. ಕಾಂತೀಯ ಸುಳಿ, ಅಂದರೆ ವೋರ್ಟೆಕ್ಸ್, ಹೊಸಬರಿಗೆ ಸುಲಭ. ತೆಳು ಬಿಲ್ಲೆಯಲ್ಲಿ ಎಲೆಕ್ಟ್ರಾನ್‌ಗಳ ಪುಟ್ಟ ಕಾಂತಗಳಾದ ಸ್ಪಿನ್‌ಗಳು ವೃತ್ತವಾಗಿ ನಿಲ್ಲುತ್ತವೆ. ಕರೆಂಟ್ ಹರಿಸಿದರೆ ನಡುವಿನ ತಿರುಳು ಸುತ್ತತೊಡಗುತ್ತದೆ. ಸಿಗ್ನಲ್ ಶುದ್ಧ. ಆದರೆ ಆವರ್ತನ ಸಾಮಾನ್ಯವಾಗಿ 1–2 ಗಿಗಾಹರ್ಟ್ಸ್ ದಾಟುವುದಿಲ್ಲ.

ಹನಿ, ಅಂದರೆ ಡ್ರಾಪ್ಲೆಟ್ ಸೊಲಿಟಾನ್ (ಚದುರದೆ ಒಂದೇ ಕಡೆ ಉಳಿಯುವ ಅಲೆ), ನನಗೆ ಜಾಸ್ತಿ ಇಷ್ಟ. 2013ರಲ್ಲಿ ಪ್ರಯೋಗದಲ್ಲಿ ಕಂಡದ್ದು. ಇದಕ್ಕೆ ಕಾಂತತ್ವ ಪದರಕ್ಕೆ ಲಂಬವಾಗಿ ನಿಲ್ಲುವ ವಸ್ತು ಬೇಕು. ನ್ಯಾನೋಕಾಂಟ್ಯಾಕ್ಟ್ (ಕರೆಂಟ್ ಒಳಬರುವ ಅತಿ ಚಿಕ್ಕ ಸಂಪರ್ಕ ಬಿಂದು) ಕೆಳಗಿನ ಸ್ಪಿನ್‌ಗಳು ಹೆಚ್ಚುಕಮ್ಮಿ ತಲೆಕೆಳಗಾಗುತ್ತವೆ, ಅಂಚಿನವು ಒಟ್ಟಾಗಿ ಗಿರಗಿರ ತಿರುಗುತ್ತವೆ. ಡ್ಯಾಂಪಿಂಗ್ (ತಿರುಗಾಟವನ್ನು ತಣಿಸುವ ನಷ್ಟ) ನುಂಗುವಷ್ಟು ಶಕ್ತಿಯನ್ನು ಕರೆಂಟ್ ತುಂಬಿಕೊಡುತ್ತಿದ್ದರೆ ಮಾತ್ರ ಹನಿ ಉಳಿಯುತ್ತದೆ. ಎಷ್ಟು ಚೆಂದ, ಅಲ್ವಾ? ಆವರ್ತನವೂ ಹತ್ತಾರು ಗಿಗಾಹರ್ಟ್ಸ್ ಮುಟ್ಟಬಲ್ಲದು. ಹಾಗಾಗಿ ವೇಗವೇ ಮುಖ್ಯವಾದರೆ ಇದನ್ನೇ ಆರಿಸಿ. ಆದರೆ ಸಾಮಾನ್ಯವಾಗಿ ಹೊರಗಿನ ಕಾಂತಕ್ಷೇತ್ರ ಬೇಕಾಗುತ್ತದೆ. ಹನಿ ಜಾರಿಹೋಗಿ ಕರಗುವುದೂ ಉಂಟು.