ಕೊವಾಚಿಚ್: ಒಂದು ವರ್ಷ ಲೋನ್, ನಾಲ್ಕು ವರ್ಷ ಸ್ವಂತ. ಚೆಲ್ಸಿ ಅಭಿಮಾನಿಯೊಬ್ಬನ ದೀರ್ಘ ಬಳಕೆಯ ವಿಮರ್ಶೆ

ಬಳಸಿದ ಅವಧಿ: ಆಗಸ್ಟ್ 2018ರಿಂದ ಜೂನ್ 2023
ಬೆಲೆ: ಮೊದಲ ವರ್ಷ ಲೋನ್, ಆಮೇಲೆ ಸುಮಾರು 4 ಕೋಟಿ ಪೌಂಡ್

ಫುಟ್‌ಬಾಲ್‌ನಲ್ಲಿ ಲೋನ್ ಮೇಲೆ, ಅಂದರೆ ಬೇರೆ ಕ್ಲಬ್ಬಿನಿಂದ ಎರವಲು ಬಂದ ಮಿಡ್‌ಫೀಲ್ಡರ್‌ನನ್ನು (ನಡುಮೈದಾನದ ಆಟಗಾರನನ್ನು) ಕೊಳ್ಳಬೇಕಾ, ವಾಪಸ್ ಕಳಿಸಬೇಕಾ? ಸೀಸನ್ ಮುಗಿಯುವ ಹೊತ್ತಿಗೆ ಯಾವುದಾದರೊಂದು ಕ್ಲಬ್ಬಿನ ಅಭಿಮಾನಿಗಳು ಈ ಜಗಳದಲ್ಲಿ ಬಿದ್ದಿರುತ್ತಾರೆ. 2019ರಲ್ಲಿ ಅದು ಲಂಡನ್ನಿನ ಚೆಲ್ಸಿ ಕ್ಲಬ್ಬಿನವರ ಸರದಿ, ಜಗಳ ಕೊವಾಚಿಚ್ ಬಗ್ಗೆ. ಆಗ ಕೇಳಿದ ಮಾತುಗಳನ್ನೇ ಈಗಲೂ ಬೇರೆ ಬೇರೆ ಹೆಸರುಗಳ ಜೊತೆ ಕೇಳುತ್ತಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಟೇಯೊ ಕೊವಾಚಿಚ್ ಬಂದಾಗ ವಯಸ್ಸು 24. ನಮ್ಮ ಗೋಲ್‌ಕೀಪರ್ ಕೂರ್ತ್ವಾ ಸ್ಪೇನಿನ ರಿಯಲ್ ಮ್ಯಾಡ್ರಿಡ್‌ಗೆ ಹೋದ, ಅದೇ ಹೊತ್ತಿಗೆ ಇವನು ಅಲ್ಲಿಂದ ಇಲ್ಲಿಗೆ ಬಂದ. ಮೂರು ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಕಪ್) ಗೆದ್ದ ತಂಡದಲ್ಲಿದ್ದವನು, ಆದರೆ ಅಲ್ಲಿನ ಮಿಡ್‌ಫೀಲ್ಡರ್‌ಗಳಾದ ಮೋಡ್ರಿಚ್, ಕ್ರೂಸ್, ಕಸೆಮಿರೊ ಮೂವರ ಮುಂದೆ ಆಡೋಕೆ ಜಾಗ ಸಿಗುವುದಾದರೂ ಹೇಗೆ? ಒಂದು ವರ್ಷದ ಲೋನ್, ಅಷ್ಟೇ. ಕೊನೆಗೆ ಇಷ್ಟು ದುಡ್ಡು ಕೊಟ್ಟು ಇಟ್ಟುಕೊಳ್ಳಬಹುದು ಅನ್ನುವ ಷರತ್ತೂ ಇರಲಿಲ್ಲ.

ಮೊದಲ ಸೀಸನ್ ಅಷ್ಟಕ್ಕಷ್ಟೇ ಅಂತ ಹೇಳಿದವರ ಮೇಲೆ ನನಗೆ ಸಿಟ್ಟಿಲ್ಲ. 51 ಪಂದ್ಯ, ಗೋಲ್ ಸೊನ್ನೆ. ಕೋಚ್ ಮೌರಿಜಿಯೊ ಸಾರಿ ಪಂದ್ಯದ ನಡುವೆ ಕೊವಾಚಿಚ್‌ನನ್ನು ತೆಗೆದು ರಾಸ್ ಬಾರ್ಕ್ಲಿಯನ್ನು ಇಳಿಸುವುದು, ಇಲ್ಲವೇ ಬಾರ್ಕ್ಲಿಯನ್ನು ತೆಗೆದು ಕೊವಾಚಿಚ್‌ನನ್ನು ಇಳಿಸುವುದು ಒಂದು ನಗೆಹನಿಯೇ ಆಗಿಹೋಗಿತ್ತು. ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬ ಆ ಬದಲಾವಣೆಯನ್ನು ಮೊದಲೇ ಟೈಪ್ ಮಾಡಿಟ್ಟುಕೊಂಡು, ಆದ ಕೂಡಲೇ ಕಳಿಸುತ್ತಿದ್ದ!

ಬೇಡ ಅನ್ನುವವರ ಕೈಲಿ ಗಟ್ಟಿ ಕಾರಣಗಳೂ ಇದ್ದವು. ಅದೇ ಸೀಸನ್‌ನಲ್ಲಿ ಚೆಲ್ಸಿ ಅಕಾಡೆಮಿಯಲ್ಲೇ ಬೆಳೆದ ಲಾಫ್ಟಸ್-ಚೀಕ್ ಎಲ್ಲ ಟೂರ್ನಿ ಸೇರಿ 10 ಗೋಲ್ ಹೊಡೆದಿದ್ದ. ಮೇಸನ್ ಮೌಂಟ್ ಡರ್ಬಿಗೆ ಲೋನ್ ಮೇಲೆ ಹೋಗಿ ಮಿಂಚುತ್ತಿದ್ದ. "ಮನೆ ಮಕ್ಕಳನ್ನು ಬಿಟ್ಟು ಸೊನ್ನೆ ಗೋಲಿನವನಿಗೆ ನಾಲ್ಕು ಕೋಟಿ ಪೌಂಡ್ ಯಾಕಪ್ಪ?" ಇದೇ ಪ್ರಶ್ನೆ ಎಲ್ಲ ಕಡೆ.

ನಾನು ಕೊಳ್ಳಬೇಕು ಅನ್ನುವ ಕಡೆ ಇದ್ದೆ. ಕಾರಣ ಇಷ್ಟೇ. ಎದುರಾಳಿಗಳು ಮೇಲೆ ಬಿದ್ದು ಒತ್ತಡ ಹಾಕಿದಾಗ ನಮ್ಮ ಇನ್ನೊಬ್ಬ ಮಿಡ್‌ಫೀಲ್ಡರ್ ಜೋರ್ಜಿನ್ಯೊಗೆ ಪಾಸ್ ಕೊಡೋಕೆ ದಾರಿಯೇ ಇರುತ್ತಿರಲಿಲ್ಲ. ಆಗ ಬಾಲನ್ನು ಕಾಲಲ್ಲೇ ಇಟ್ಟುಕೊಂಡು ಆಚೆ ತರುವವನು ಇವನು. ಬೆನ್ನ ಹಿಂದೆ ಒಬ್ಬ ಅಂಟಿಕೊಂಡಿದ್ದರೂ ಬಾಲ್ ತಗೊಂಡು, ಭುಜ ಒಂದು ಕಡೆ ತೋರಿಸಿ ಇನ್ನೊಂದು ಕಡೆ ತಿರುಗಿ, ಹತ್ತು ಹದಿನೈದು ಮೀಟರ್ ಓಡಿಬಿಡುತ್ತಿದ್ದ. ಅಷ್ಟರಲ್ಲಿ ಎದುರಾಳಿಯ ಇಬ್ಬರು ಮೂವರು ಹಿಂದೆ ಉಳಿದಿರುತ್ತಿದ್ದರು. ಮುಂದಿನ ಪಾಸ್ ನಮ್ಮ ಮುಂಚೂಣಿ ಆಟಗಾರ ಹಜಾರ್‌ಗೆ, ಅದರ ಮುಂದಿನದು ಗೋಲ್ ಎದುರಿನ ಬಾಕ್ಸ್ ಒಳಗೆ. ಗೋಲ್ ಆದರೆ ಸ್ಕೋರ್‌ಕಾರ್ಡಿನಲ್ಲಿ ಇವನ ಹೆಸರು ಎಲ್ಲೂ ಇಲ್ಲ. ಟೀವಿಯವರು ತೋರಿಸುವ ರೀಪ್ಲೇ ಕೂಡ ಇವನ ಓಟ ಮುಗಿದ ಮೇಲಿಂದಲೇ ಶುರು.

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡಿ, ಸುಳಿ ನೋಡಿ ವ್ಯಾಪಾರ ಮುಗಿಸಬೇಕು. ಒಂದು ವರ್ಷ ನೇಗಿಲಿಗೆ ಕಟ್ಟಿ ನೋಡಿ ಆಮೇಲೆ ದುಡ್ಡು ಕೊಡ್ತೀನಿ ಅಂದರೆ ಯಾರು ಬಿಡುತ್ತಾರೆ? ಲೋನ್‌ನಲ್ಲಿ ಆ ಅವಕಾಶ ಇದೆ. ವರ್ಷವಿಡೀ ಕಣ್ಣೆದುರು ದುಡಿದವನನ್ನು ಕೊನೆಗೆ ಗೋಲಿನ ಲೆಕ್ಕ ಒಂದರಲ್ಲೇ ಅಳೆಯೋದಾದರೆ ಆ ವರ್ಷ ಪಂದ್ಯ ನೋಡಿದ್ದು ಯಾತಕ್ಕೆ?

ಇಷ್ಟಾದರೂ ಚೆಲ್ಸಿ ಇವನನ್ನು ಕೊಂಡಿದ್ದು ಬರೀ ಬುದ್ಧಿವಂತಿಕೆಯಿಂದ ಅಂತ ನಾನು ಹೇಳಲ್ಲ. 18 ವರ್ಷದೊಳಗಿನ ಆಟಗಾರರ ನೋಂದಣಿಯಲ್ಲಿ ನಿಯಮ ಮುರಿದದ್ದಕ್ಕೆ ಫೆಬ್ರವರಿ 2019ರಲ್ಲಿ ಫಿಫಾ ಎರಡು ಟ್ರಾನ್ಸ್‌ಫರ್ ವಿಂಡೋಗಳ (ಆಟಗಾರರನ್ನು ಕೊಳ್ಳಲು ಬಿಡುವ ಅವಧಿಗಳ) ನಿಷೇಧ ಹಾಕಿತ್ತು. ಹೊಸಬರನ್ನು ತರುವ ಹಾಗಿಲ್ಲ. ಕೊವಾಚಿಚ್ ಆಗಲೇ ಚೆಲ್ಸಿ ಆಟಗಾರನಾಗಿ ನೋಂದಣಿ ಆಗಿದ್ದರಿಂದ ಅವನೊಬ್ಬನನ್ನು ಉಳಿಸಿಕೊಳ್ಳಬಹುದಿತ್ತು. ಅದರ ಮೇಲೆ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಆಡಿದ ಒಂದು ಸೌಹಾರ್ದ ಪಂದ್ಯದಲ್ಲಿ ಲಾಫ್ಟಸ್-ಚೀಕ್‌ನ ಹಿಮ್ಮಡಿಯ ಸ್ನಾಯುರಜ್ಜು ಕಿತ್ತುಹೋಯಿತು. (ಸೀಸನ್ ಕೊನೆಯಲ್ಲಿ, ಯುರೋಪಾ ಲೀಗ್ ಫೈನಲ್‌ಗೆ ಮುಂಚೆ, ಅಷ್ಟು ದೂರ ಹೋಗಿ ಆ ಪಂದ್ಯ ಆಡುವ ಅಗತ್ಯ ಏನಿತ್ತೋ!) ಬಾಕುವಿನಲ್ಲಿ ಆರ್ಸೆನಲ್ ಮೇಲೆ 4-1ರಲ್ಲಿ ಗೆದ್ದ ಆ ಫೈನಲ್‌ನಲ್ಲಿ ಕೊವಾಚಿಚ್ ಮೊದಲಿಂದಲೇ ಆಡಿದ. ಆಮೇಲೆ ಹಜಾರ್ ಕೂಡ ಮ್ಯಾಡ್ರಿಡ್‌ಗೆ ಹೊರಟ. ಜುಲೈ ಶುರುವಿನಲ್ಲಿ ಐದು ವರ್ಷದ ಒಪ್ಪಂದಕ್ಕೆ ಸಹಿ ಬಿತ್ತು.

ಆಮೇಲಿನದು ನಿಜವಾದ ಬಳಕೆ. ಲ್ಯಾಂಪಾರ್ಡ್ ಕೋಚ್ ಆಗಿ ಬಂದ ಮೇಲೆ ಇವನಿಗೆ ಓಡಲು ಜಾಸ್ತಿ ಜಾಗ ಸಿಕ್ಕಿತು. ಮೊದಲ ಗೋಲ್ ನವೆಂಬರ್ 2019ರಲ್ಲಿ, ವಲೆನ್ಸಿಯಾ ವಿರುದ್ಧ. ಆ ಸೀಸನ್ ಮುಗಿದಾಗ ಚೆಲ್ಸಿಯ ವರ್ಷದ ಆಟಗಾರ ಯಾರು ಅಂದರೆ ಇವನೇ. ಹಿಂದಿನ ವರ್ಷ ಬೇಡ ಅಂದವರಲ್ಲೂ ಎಷ್ಟೋ ಜನ ಇವನಿಗೇ ವೋಟ್ ಹಾಕಿದ್ದಾರೆ, ನನಗೆ ಗೊತ್ತಿರುವವರೇ ಇದ್ದಾರೆ. ಆಮೇಲೆ ಟೂಕೆಲ್ ಕೋಚ್ ಆಗಿ ಬಂದ ಮೇಲೂ ಜೋರ್ಜಿನ್ಯೊ, ಕಾಂಟೆ, ಇವನು ಮೂವರಲ್ಲಿ ಯಾವ ಇಬ್ಬರು ಆಡಿದರೂ ನಡುಮೈದಾನ ಗಟ್ಟಿಯಾಗಿಯೇ ಇರುತ್ತಿತ್ತು. 

ಲೋನ್ ವಾದಕ್ಕೆ ಸಾಕ್ಷಿಯಾಗಿ ನಾನು ಯಾವಾಗಲೂ ತೋರಿಸುವ ಪಂದ್ಯ ಸೆಪ್ಟೆಂಬರ್ 11, 2021ರದ್ದು. ಸ್ಟ್ಯಾಮ್‌ಫರ್ಡ್ ಬ್ರಿಡ್ಜ್, ಎದುರಾಳಿ ಆಸ್ಟನ್ ವಿಲ್ಲಾ. ಅಟ್ಲೆಟಿಕೊ ಮ್ಯಾಡ್ರಿಡ್‌ನಿಂದ ಲೋನ್ ಮೇಲೆ ಬಂದ ಮಿಡ್‌ಫೀಲ್ಡರ್ ಸೌಲ್‌ಗೆ ಅದು ಮೊದಲ ಪಂದ್ಯ. ದೊಡ್ಡ ಹೆಸರು, ಆದರೆ ಆಟದ ವೇಗಕ್ಕೇ ಹೊಂದಿಕೊಳ್ಳಲಾಗದೆ ಮೇಲಿಂದ ಮೇಲೆ ಬಾಲ್ ಕಳೆದುಕೊಂಡ. ಹಾಫ್‌ಟೈಮ್‌ಗೇ ಆಚೆ. ಅವನ ಪಕ್ಕದಲ್ಲೇ ಆಡುತ್ತಿದ್ದ ಕೊವಾಚಿಚ್ ಸ್ಟ್ರೈಕರ್ ಲುಕಾಕುಗೆ ಉದ್ದದ ಪಾಸ್ ಕೊಟ್ಟು ಮೊದಲ ಗೋಲ್ ಮಾಡಿಸಿದ. ಎರಡನೇ ಅರ್ಧ ಶುರುವಾಗುತ್ತಲೇ ವಿಲ್ಲಾದ ಮಿಂಗ್ಸ್ ಹಿಂದಕ್ಕೆ ಕೊಟ್ಟ ಪಾಸ್ ಕಸಿದು ತಾನೇ ಒಂದು ಹೊಡೆದ. 3-0. ಸೀಸನ್ ಮುಗಿದ ಮೇಲೆ ಸೌಲ್‌ನನ್ನು ಕೊಳ್ಳುವ ಮಾತೇ ಇರಲಿಲ್ಲ, ವಾಪಸ್ ಹೋದ. ಮುಂದಿನ ವರ್ಷ ಯುವೆಂಟಸ್‌ನಿಂದ ಲೋನ್ ಮೇಲೆ ಬಂದ ಜಕಾರಿಯಾ ಡಿನಾಮೊ ಜಾಗ್ರೆಬ್ ಎದುರಿನ ಮೊದಲ ಪಂದ್ಯದಲ್ಲೇ ಗೋಲ್ ಹೊಡೆದರೂ ಅವನನ್ನೂ ಉಳಿಸಿಕೊಳ್ಳಲಿಲ್ಲ. ಮೊದಲ ಪಂದ್ಯದ ಗೋಲ್ ನೋಡಿ ಕುಣಿಯುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಕೊರತೆಗಳನ್ನೂ ಹೇಳಲೇಬೇಕು ಅಲ್ವಾ. ಐದು ವರ್ಷದಲ್ಲಿ 221 ಪಂದ್ಯ, ಬರೀ ಆರು ಗೋಲ್. ಮೂರು ಜನರನ್ನು ದಾಟಿ ಬಾಕ್ಸ್ ಹತ್ತಿರ ಬಂದು, ಗೋಲ್ ಕಣ್ಣೆದುರೇ ಕಾಣುತ್ತಿರುವಾಗ ಬಾಲನ್ನು ಪಕ್ಕಕ್ಕೆ ತಳ್ಳುವುದನ್ನು ನೋಡಿ ಎಷ್ಟು ಸಲ ತಲೆ ಚಚ್ಚಿಕೊಂಡಿದ್ದೇನೋ. ಹೊಡೆಯೋಕೆ ಬರಲ್ಲ ಅಂತಲೂ ಅಲ್ಲ. ಜನವರಿ 2, 2022ರಂದು ಲಿವರ್‌ಪೂಲ್ ಎದುರು 0-2 ಹಿಂದಿದ್ದಾಗ, ಗೋಲ್‌ಕೀಪರ್ ಗುದ್ದಿ ಆಚೆ ಹಾಕಿದ ಬಾಲನ್ನು ಬಾಕ್ಸ್ ಹೊರಗಿಂದ, ಹಿಂದೆ ಹಿಂದೆ ಸರಿಯುತ್ತಾ, ನೆಲಕ್ಕೆ ಬೀಳುವ ಮೊದಲೇ ಒದ್ದ. ಕಂಬಕ್ಕೆ ತಗುಲಿ ಒಳಗೆ. ಪಂದ್ಯ 2-2 ಆಯಿತು. ಇಂಥದ್ದು ಕೈಲಾಗುವವನು ವರ್ಷಕ್ಕೆ ಒಂದೋ ಎರಡೋ ಗೋಲಿಗೆ ತೃಪ್ತನಾಗಿದ್ದ ಅನ್ನೋದೇ ನನ್ನ ದೊಡ್ಡ ದೂರು. ಎರಡನೆಯದು ಗಾಯ. 2021ರಲ್ಲಿ ತೊಡೆಯ ಹಿಂಭಾಗದ ಗಾಯದಿಂದ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತಪ್ಪಿತು, ಅದೂ ತನ್ನ ಹಳೆಯ ಕ್ಲಬ್ ಮ್ಯಾಡ್ರಿಡ್ ಎದುರು. ಪೋರ್ಟೊದಲ್ಲಿ ನಡೆದ ಫೈನಲ್‌ನಲ್ಲಿ 80ನೇ ನಿಮಿಷದಲ್ಲಿ ಮೌಂಟ್ ಬದಲಿಗೆ ಇಳಿದ.

ಇನ್ನು ದುಡ್ಡು. 4 ಕೋಟಿ ಪೌಂಡನ್ನು ಐದು ವರ್ಷದ ಒಪ್ಪಂದಕ್ಕೆ ಹಂಚಿದರೆ ಲೆಕ್ಕಪುಸ್ತಕದಲ್ಲಿ ವರ್ಷಕ್ಕೆ 80 ಲಕ್ಷ. ನಾಲ್ಕು ವರ್ಷ ಆದ ಮೇಲೆ, ಜೂನ್ 2023ರಲ್ಲಿ, ಮ್ಯಾಂಚೆಸ್ಟರ್ ಸಿಟಿ 2.5 ಕೋಟಿ ಕೊಟ್ಟಿತು, ಜೊತೆಗೆ ಷರತ್ತಿನ ಮೇಲೆ ಇನ್ನೂ 50 ಲಕ್ಷ. ಪುಸ್ತಕದಲ್ಲಿ ಉಳಿದಿದ್ದ ಬೆಲೆ ಬರೀ 80 ಲಕ್ಷ, ಅಂದರೆ ಮಾರಿದ ದಿನ 1.7 ಕೋಟಿ ಲಾಭ. ನಾಲ್ಕು ವರ್ಷದ ದುಡಿಮೆ, ಒಂದು ಚಾಂಪಿಯನ್ಸ್ ಲೀಗ್, ಒಂದು ಕ್ಲಬ್ ವಿಶ್ವಕಪ್ ಆಗಲೇ ಸಿಕ್ಕಿಯಾಗಿತ್ತು. ನನ್ನ ಪ್ರಕಾರ ಮಾರಿದ್ದೇ ತಪ್ಪು. ಒಪ್ಪಂದದಲ್ಲಿ ಒಂದೇ ವರ್ಷ ಉಳಿದಿತ್ತು, ನಿಜ. ಆದರೆ ಅದೇ ಆಗಸ್ಟ್‌ನಲ್ಲಿ ಹೊಸ ಮಿಡ್‌ಫೀಲ್ಡರ್ ಕೈಸೆಡೊ ಒಬ್ಬನಿಗೇ 10 ಕೋಟಿ ದಾಟಿ ಸುರಿದರು. ಕೊವಾಚಿಚ್ ಸಿಟಿಗೆ ಹೋದ ಮೊದಲ ಸೀಸನ್‌ನಲ್ಲೇ ಪ್ರೀಮಿಯರ್ ಲೀಗ್ ಗೆದ್ದ, ಚೆಲ್ಸಿಯಲ್ಲಿ ಐದು ವರ್ಷ ಸಿಗದಿದ್ದ ಕಪ್ ಅದು.

ರೇಟಿಂಗ್: ಐದಕ್ಕೆ ನಾಲ್ಕು ಸ್ಟಾರ್. ಅರ್ಧ ಸ್ಟಾರ್ ಹೊಡೆಯದೆ ಬಿಟ್ಟ ಗೋಲುಗಳಿಗೆ ಕಟ್, ಇನ್ನರ್ಧ ಗಾಯಕ್ಕೆ.